ಮ್ಯಾಂಚೆಸ್ಟರ್ ಸೋನೆ ನಿಲ್ಲಲಿ ಅಂತ ಕಾಯಬೇಡಿ

ಮ್ಯಾಂಚೆಸ್ಟರ್‌ಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಶನಿವಾರ ಬೆಳಗ್ಗೆ ಮಾಡುವ ತಪ್ಪು ಒಂದೇ. ಪರದೆ ಸರಿಸಿ ನೋಡಿ, "ಮಳೆ ನಿಂತ ಮೇಲೆ ಹೊರಟರಾಯ್ತು" ಅಂತ ಮತ್ತೆ ಹೊದ್ದು ಮಲಗುವುದು. ಬೆಂಗಳೂರಿನಲ್ಲಿ ಈ ಲೆಕ್ಕ ಸರಿ. ಅಲ್ಲಿ ಸಂಜೆ ಧೋ ಅಂತ ಸುರಿದು, ಅಂಡರ್‌ಪಾಸ್ ತುಂಬಿಸಿ, ಒಂದೆರಡು ಗಂಟೆಯಲ್ಲಿ ಹೊರಟುಹೋಗುತ್ತದೆ. ಇಲ್ಲಿಯದು ಸೋನೆ. ಸರಿಯಾಗಿ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ವರ್ಷಕ್ಕೆ ಬೀಳುವುದು ಸುಮಾರು 850 ಮಿ.ಮೀ., ಬೆಂಗಳೂರಿಗಿಂತ ಕಡಿಮೆಯೇ. ಆದರೆ ಅಷ್ಟನ್ನೇ ಸುಮಾರು 150 ದಿನ ಎಳೆದಾಡಿಕೊಂಡು ಬೀಳುತ್ತದೆ. ಆಗುಂಬೆಯವರು ಇದನ್ನು ಮಳೆ ಅಂತ ಒಪ್ಪುವುದೇ ಅನುಮಾನ.

ಐರಿಷ್ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಪೂರ್ವದ ಪೆನೈನ್ ಬೆಟ್ಟಗಳನ್ನು ಹತ್ತುವಾಗ ತಣ್ಣಗಾಗಿ ಹನಿಯುತ್ತದೆ. ನಮ್ಮ ಘಟ್ಟದ ಲೆಕ್ಕವೇ, ಸಣ್ಣ ಪ್ರಮಾಣದಲ್ಲಿ. ಒಣಹವೆಯಲ್ಲಿ ಹತ್ತಿಯ ನೂಲು ಪಟಪಟನೆ ಕಡಿಯುತ್ತದೆ, ತೇವ ಇದ್ದರೆ ತಡೆಯುತ್ತದೆ. ಹಾಗಾಗಿ ಇಲ್ಲಿನ ಹತ್ತಿ ಮಿಲ್ಲುಗಳಿಗೆ ಈ ಹವೆ ಒಗ್ಗಿತು. ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುವ ಹೆಸರು ಅಂಟಿದ್ದು ಹತ್ತಿ ಗಿರಣಿಗಳಿಂದ. ಸದ್ಯ ಮಳೆ ಜೊತೆಗೆ ಬರಲಿಲ್ಲ.

ಮೊದಲು ಮೈಮೇಲಿನ ಬಟ್ಟೆ. ಛತ್ರಿ ಇಲ್ಲಿ ಅಲಂಕಾರ. ಗಾಳಿ ಅಡ್ಡ ಬೀಸುವುದರಿಂದ ಅದು ಮಗುಚಿಕೊಳ್ಳುತ್ತದೆ, ತೊಡೆಯಿಂದ ಕೆಳಗೆ ಹೇಗೂ ನೆನೆಯುತ್ತದೆ. ಟೋಪಿ ಇರುವ ಜಾಕೆಟ್ ಬೇಕು. ಲೇಬಲ್‌ನಲ್ಲಿ 'ಶವರ್‌ಪ್ರೂಫ್' ಅಂತಿದ್ದರೆ ಬಸ್ ಸ್ಟಾಪ್‌ವರೆಗೆ ಸಾಕು, ಅರ್ಧ ಗಂಟೆಯ ನಡಿಗೆಗೆ ಸಾಲದು. 'ವಾಟರ್‌ಪ್ರೂಫ್', 10,000 ಮಿ.ಮೀ. (ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಅಂತ ಬರೆದಿರಬೇಕು. ಒಳಗಿನ ಹೊಲಿಗೆಗಳ ಮೇಲೆ ಟೇಪ್ ಅಂಟಿಸಿರಬೇಕು, ಯಾಕೆಂದರೆ ನೀರು ಮೊದಲು ನುಗ್ಗುವುದು ಹೊಲಿಗೆಯ ತೂತಿನಲ್ಲೇ. ಆರು ತಿಂಗಳಾದ ಮೇಲೆ "ಜಾಕೆಟ್ ಹಾಳಾಯ್ತು" ಅನ್ನುವವರು ಬಹುಪಾಲು ಅದನ್ನು ಫ್ಯಾಬ್ರಿಕ್ ಸಾಫ್ಟನರ್ ಹಾಕಿ ಒಗೆದಿರುತ್ತಾರೆ. ಹನಿ ಜಾರಿಸುವ ಮೇಲ್ಲೇಪ ಕೆಲಸ ಮಾಡದಂತಾಗುವುದು ಅದರಿಂದಲೇ. ಸಾಫ್ಟನರ್ ಇಲ್ಲದೆ ಒಗೆದು, ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ ಇಪ್ಪತ್ತು ನಿಮಿಷ ಹಾಕಿ, ಎಷ್ಟೋ ಸಲ ಮರಳಿ ಬರುತ್ತದೆ. ಜೀನ್ಸ್ ಮಾತ್ರ ಬೇಡವೇ ಬೇಡ. ಒಮ್ಮೆ ನೆನೆದರೆ ಆ ದಿನವಿಡೀ ಕಾಲಿಗೆ ಒದ್ದೆ ಗೋಣಿ ಸುತ್ತಿಕೊಂಡಂತೆ.

ಇನ್ನು ಎಲ್ಲಿಗೆ? ಆಕ್ಸ್‌ಫರ್ಡ್ ರೋಡ್ ಒಂದೇ ಸಾಕು. ವಿಶ್ವವಿದ್ಯಾಲಯದ ಪಕ್ಕದ ಮ್ಯಾಂಚೆಸ್ಟರ್ ಮ್ಯೂಸಿಯಂಗೆ ಪ್ರವೇಶ ಉಚಿತ. 2023ರ ಫೆಬ್ರವರಿಯಲ್ಲಿ ಮತ್ತೆ ಬಾಗಿಲು ತೆರೆದಾಗ ಅಲ್ಲಿ ದಕ್ಷಿಣ ಏಷ್ಯಾ ಗ್ಯಾಲರಿಯೂ ಬಂತು. ಮಕ್ಕಳು ಮುತ್ತಿಕೊಳ್ಳುವುದು ಡೈನೋಸಾರನ್ನು, ನೀವು ಜೀವಂತ ಕಪ್ಪೆಗಳ ಕೋಣೆಗೆ ಹೋಗಿ, ಬೆಚ್ಚಗಿರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹದಿನೈದು ನಿಮಿಷ ನಡೆದರೆ ವಿಟ್‌ವರ್ತ್ ಗ್ಯಾಲರಿ, ಅದೂ ಉಚಿತ. ಪಾರ್ಕಿನ ಕಡೆಗೆ ದೊಡ್ಡ ಗಾಜುಗಳಿವೆ. ಮಳೆ ನೋಡಬೇಕಿದ್ದರೆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ವಾದ. ಇನ್ನೂ ಮುಂದೆ ಹೋದರೆ ರಶೋಮ್, ಅಂದರೆ 'ಕರಿ ಮೈಲ್'. ಪಾಕಿಸ್ತಾನಿ, ಅರಬ್ ಅಂಗಡಿಗಳೇ ಹೆಚ್ಚು, ಆದರೆ ತೊಗರಿಬೇಳೆ, ಹುಣಸೆಹಣ್ಣು, ಕಾಳುಮೆಣಸಿಗೆ ಬರವಿಲ್ಲ. ಅಂಗಡಿ ಕೊನೆಗಿರಲಿ, ಬೇಳೆಯ ಚೀಲ ಹೊತ್ತುಕೊಂಡು ಚಿತ್ರ ನೋಡುವುದು ಯಾರಿಗೆ ಬೇಕು. ಅಲ್ಲಿಂದ ಬಸ್ ಹಿಡಿದರೆ ನೇರ ವಾಪಸ್.

ನಗರದ ನಡುವೆ ಇರಬೇಕಿದ್ದರೆ ಡೀನ್ಸ್‌ಗೇಟ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯ. ಹತ್ತಿ ವ್ಯಾಪಾರಿ ಗಂಡನ ನೆನಪಿಗೆ ಎನ್ರಿಕೇಟಾ ರೈಲ್ಯಾಂಡ್ಸ್ ಕಟ್ಟಿಸಿ 1900ರಲ್ಲಿ ತೆರೆದದ್ದು. ಹೊರಗೆ ಮೋಡ ಕವಿದಷ್ಟೂ ಒಳಗಿನ ಕಲ್ಲಿನ ಕಮಾನುಗಳಿಗೆ ಕಳೆ. ಇದನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ, ಶನಿವಾರವೇ ನೋಡಿ. ಚೀತಮ್ಸ್ ಗ್ರಂಥಾಲಯ 1653ರದ್ದು. 1845ರಲ್ಲಿ ಮಾರ್ಕ್ಸ್, ಎಂಗೆಲ್ಸ್ ಕೂತು ಓದಿದ ಕಿಟಕಿಯ ಮೂಲೆ ಈಗಲೂ ಇದೆ. ಅಲ್ಲಿಗೆ ಮಾತ್ರ ಮೊದಲೇ ಟಿಕೆಟ್ ಮಾಡಿಸಬೇಕು.

ಭಾನುವಾರದ ಒಂದು ಕಾನೂನು ಬಹಳ ಜನರನ್ನು ಉಪವಾಸ ಕೆಡವುತ್ತದೆ. ಇಂಗ್ಲೆಂಡಿನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಭಾನುವಾರ ಬೆಳಗ್ಗೆ 10ರಿಂದ ಸಂಜೆ 6ರ ಒಳಗೆ ಆರು ಗಂಟೆ ಮಾತ್ರ ತೆರೆದಿರಬಹುದು. ಸಂಜೆ ಐದೂವರೆಗೆ ತರಕಾರಿ ನೆನಪಾದರೆ ಸಣ್ಣ ಅಂಗಡಿಯ ದುಬಾರಿ ಈರುಳ್ಳಿಯೇ ಗತಿ.

ಸಂಜೆಗೆ ಬಜ್ಜಿ ಅಂತ ಮನಸ್ಸು ಹೇಳುತ್ತದೆ. ಹೆಚ್ಚಿನ ಹಾಸ್ಟೆಲುಗಳಲ್ಲಿ ಎಣ್ಣೆಯಲ್ಲಿ ಕರಿಯಲು ಬಿಡುವುದಿಲ್ಲ, ಮರೆತುಬಿಡಿ. ಮೆಣಸಿನ ಸಾರು ಮಾಡಿ. ಇಬ್ಬರಿಗೆ ಕಾಲು ಕಪ್ ತೊಗರಿಬೇಳೆ, ಮೂರು ಕಪ್ ನೀರು, ಒಂದೊಂದು ಟೀ ಚಮಚ ಕಾಳುಮೆಣಸು, ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆ. ಕುಕ್ಕರ್ ಇಲ್ಲದಿದ್ದರೆ ಬೇಳೆಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಮುಕ್ಕಾಲು ಗಂಟೆ ಬೇಯಿಸಿ, ಮಸೆದುಬಿಡಿ. ಹುಣಸೆ ಬೇಳೆ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯದೆ ಹಟ ಹಿಡಿಯುತ್ತದೆ. ನೀರಿನ ವಿಷಯದಲ್ಲಿ ಈ ಊರು ಪುಣ್ಯವಂತ. 1894ರಿಂದ ಥರ್ಲ್‌ಮಿಯರ್ ಸರೋವರದ ಮೆದು ನೀರು ಬರುತ್ತಿದೆ. ಲಂಡನ್ನಿನ ಗಡಸು ನೀರಿನಲ್ಲಿ ಅದೇ ಬೇಳೆಗೆ ಇನ್ನಷ್ಟು ಹೊತ್ತು ಬೇಕು.

ಅಪಾಯ ಇರುವುದು ಒಗ್ಗರಣೆಯಲ್ಲಿ. ಎಣ್ಣೆ ಹೊಗೆಯಾಡುವಷ್ಟು ಕಾಯಿಸಬೇಡಿ. ಸಾಸಿವೆ ಸಿಡಿಯತೊಡಗಿದ ಕೂಡಲೇ ಬಾಣಲೆ ಕೆಳಗಿಳಿಸಿ, ಆಮೇಲೆ ಒಣಮೆಣಸಿನಕಾಯಿ ಹಾಕಿ. ಕಮಟು ಏಳುವುದು ಮೆಣಸಿನಕಾಯಿ ಕಪ್ಪಾದಾಗ. ಫ್ಯಾನ್ ಓಡುತ್ತಿರಲಿ, ಅಡುಗೆಮನೆಯ ಬಾಗಿಲು ಮುಚ್ಚಿರಲಿ. ಸಾಮಾನ್ಯವಾಗಿ ಹೊಗೆ ಪತ್ತೆ ಮಾಡುವ ಅಲಾರಾಂ ಇರುವುದು ಕಾರಿಡಾರ್‌ನಲ್ಲಿ. ಬಾಗಿಲು ತೆರೆದಿಟ್ಟರೆ ಇಡೀ ಕಟ್ಟಡವೇ ಪೈಜಾಮದಲ್ಲಿ ಮಳೆಗೆ ಬಂದು ನಿಲ್ಲುತ್ತದೆ.

ಬಟ್ಟೆಯನ್ನು ಕೋಣೆಯಲ್ಲೇ ಒಣಗಿಸುವುದಾದರೆ ಒಂದು ಲೋಡಿನಿಂದ ಲೀಟರ್‌ಗಟ್ಟಲೆ ನೀರು ಗಾಳಿಗೆ ಸೇರುತ್ತದೆ, ರಾತ್ರಿ ತಣ್ಣನೆಯ ಗಾಜಿಗೆ, ಮೂಲೆಗೆ ಕೂತು ಬೂಸ್ಟು ಹಿಡಿಸುತ್ತದೆ. ಮಷೀನಿನಲ್ಲಿ ಇನ್ನೊಮ್ಮೆ ಸ್ಪಿನ್ ಮಾಡಿ, ಗೋಡೆಯಿಂದ ದೂರ ಹರಡಿ, ಹೊರಗೆ ಹನಿಯುತ್ತಿದ್ದರೂ ದಿನಕ್ಕೆರಡು ಸಲ ಹತ್ತು ನಿಮಿಷ ಕಿಟಕಿ ತೆರೆಯಿರಿ. ಹೊರಗಿನ ತಣ್ಣನೆ ಗಾಳಿ ಒಳಗೆ ಬಂದು ಬೆಚ್ಚಗಾದಾಗ ತೇವ ಹೀರುತ್ತದೆ. ಒದ್ದೆ ಶೂ ಹೀಟರ್ ಮೇಲೆ ಇಟ್ಟರೆ ಗೋಂದು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ, ಮಲಗುವ ಮುಂಚೆ ಒಮ್ಮೆ ಬದಲಿಸಿ. ಸೋಮವಾರ ಬೆಳಗ್ಗೆ ಒಂಬತ್ತರ ಕ್ಲಾಸಿಗೆ ಹೇಗೂ ಹನಿಯುತ್ತಿರುತ್ತದೆ.