ಕಣ್ಣಿನ ಕೆಲಸ ಆಕ್ಷನ್‌ಗೆ ಕೊಡಬೇಡಿ

ಮಳೆಗಾಲ ಅಂದ್ರೆ ಮುಂಬೈ ಕನ್ನಡಿಗರಿಗೆ ಯಕ್ಷಗಾನದ ಸೀಸನ್. ಊರಲ್ಲಿ ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಇತ್ತ ಬರುತ್ತಾರೆ. ಮಾಟುಂಗಾ, ಮುಲುಂಡ್, ಡೊಂಬಿವಲಿ, ಎಲ್ಲಿ ನೋಡಿದರೂ ಆಟ. ಮರುದಿನ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಸಂಘದವರ ಫೋನ್: "ಫೋಟೋ ಆಯ್ತಾ ಮಾರಾಯ್ರೆ? ಗ್ರೂಪಿಗೆ ಹಾಕ್ಬೇಕಿತ್ತು."

ಇರೋದು ನೂರಾರು ಫೋಟೋ. ಒಂದೊಂದನ್ನೂ ತೆರೆದು, ಚಿಕ್ಕದು ಮಾಡಿ, ಸಂಘದ ಲೋಗೋ ಕೂರಿಸಿ, ಸ್ವಲ್ಪ ಶಾರ್ಪ್ ಮಾಡಿ ಸೇವ್ ಮಾಡಬೇಕು. ಇದನ್ನ ಇವತ್ತಿಗೂ ಒಂದೊಂದಾಗಿ ಕೈಯಲ್ಲೇ ಮಾಡುವ ಫೋಟೋಗ್ರಾಫರ್ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ. ಫೋಟೋಶಾಪ್‌ನಲ್ಲಿ ಆಕ್ಷನ್ಸ್, ಅಂದ್ರೆ ಒಮ್ಮೆ ಮಾಡಿದ್ದನ್ನು ನೆನಪಿಟ್ಟು ಮತ್ತೆ ತಾನೇ ಮಾಡುವ ಸೌಲಭ್ಯ, ಬಂದಿದ್ದು 1996ರಲ್ಲಿ, ನಾಲ್ಕನೇ ಆವೃತ್ತಿಯಲ್ಲಿ. ಹೊಸದೇನಲ್ಲ. ರೆಕಾರ್ಡ್ ಒತ್ತಿ, ಒಂದು ಫೋಟೋಗೆ ಮಾಡೋದನ್ನೆಲ್ಲ ಮಾಡಿ, ಸ್ಟಾಪ್ ಒತ್ತಿ. ಆಮೇಲೆ ಇಡೀ ಫೋಲ್ಡರ್ ಅದರ ಕೈಗೆ ಕೊಟ್ಟು ನೀವು ಚಹಾ ಕುಡಿದು ಬನ್ನಿ.

"ಅಣ್ಣಾ, ನಾನು ಟ್ರೈ ಮಾಡಿದೆ, ಎಲ್ಲ ಎಡವಟ್ಟಾಯ್ತು" ಅಂತ ಹುಡುಗರು ಹೇಳುತ್ತಾರೆ. ಎಡವಟ್ಟು ಎಲ್ಲಿ ಅಂತ ನೋಡಿದರೆ ಹೆಚ್ಚಾಗಿ ಸೈಜ್‌ನಲ್ಲೇ. ಇಮೇಜ್ ಸೈಜ್‌ಗೆ ಹೋಗಿ ಅಗಲ 1600 ಅಂತ ರೆಕಾರ್ಡ್ ಮಾಡಿರುತ್ತಾರೆ. ಅಡ್ಡ ಫೋಟೋ ಸರಿಯಾಗಿ ಬರುತ್ತೆ. ಉದ್ದ ಫೋಟೋ 1600 ಅಗಲ, 2400 ಎತ್ತರ ಆಗಿ ಕೂತಿರುತ್ತೆ. ಅದರ ಬದಲು ಫೈಲ್ ಮೆನುವಿನ ಆಟೋಮೇಟ್‌ನಲ್ಲಿ ಫಿಟ್ ಇಮೇಜ್ ಅಂತ ಇದೆ. ಎರಡೂ ಕಡೆ 1600 ಕೊಡಿ. ಅಡ್ಡ ಇರಲಿ, ಉದ್ದ ಇರಲಿ, ದೊಡ್ಡ ಬದಿ 1600 ಆಗುತ್ತೆ.

ಲೋಗೋದ್ದೂ ಇದೇ ಕತೆ. ಮೌಸ್‌ನಲ್ಲಿ ಎಳೆದು ಮೂಲೆಗೆ ಇಟ್ಟರೆ ಆಕ್ಷನ್‌ಗೆ ಮೂಲೆ ಅಂತ ಗೊತ್ತಾಗಲ್ಲ, ಇಷ್ಟು ದೂರ ಸರಿಸಿದರು ಅಂತ ಮಾತ್ರ ಗೊತ್ತು. ಮುಂದಿನ ಫೋಟೋದಲ್ಲಿ ಲೋಗೋ ಭಾಗವತರ ಮುಖದ ಮೇಲೆ! ಕಂಟ್ರೋಲ್ ಎ ಒತ್ತಿ ಪೂರ್ತಿ ಸೆಲೆಕ್ಟ್ ಮಾಡಿ, ಆ ಸೆಲೆಕ್ಷನ್‌ಗೆ ಲೋಗೋ ಲೇಯರ್ ಅನ್ನು ಬಲಕ್ಕೂ ಕೆಳಕ್ಕೂ ಅಲೈನ್ ಮಾಡಿ, ಆಮೇಲೆ ಸ್ವಲ್ಪ ಒಳಕ್ಕೆ ಸರಿಸಿ. ಆಗ ಯಾವ ಅಳತೆಯ ಫೋಟೋ ಬಂದರೂ ಲೋಗೋ ಮೂಲೆಯಲ್ಲೇ ಇರುತ್ತೆ.

ಸೇವ್ ಮಾಡೋದನ್ನು ರೆಕಾರ್ಡ್ ಮಾಡಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ರೆಕಾರ್ಡ್ ಮಾಡುವಾಗ ಫೈಲ್‌ಗೆ ಹೆಸರು ಟೈಪ್ ಮಾಡಿದರೆ ಅದೇ ಹೆಸರು ಅಂಟಿಕೊಂಡು ಒಂದರ ಮೇಲೊಂದು ಸೇವ್ ಆಗುವ ಅಪಾಯ ಇದೆ. ಫೈಲ್ ಮೆನುವಿನ ಸ್ಕ್ರಿಪ್ಟ್ಸ್‌ನಲ್ಲಿರುವ ಇಮೇಜ್ ಪ್ರೊಸೆಸರ್‌ಗೆ ನಿಮ್ಮ ಆಕ್ಷನ್ ಹೆಸರು ಹೇಳಿದರೆ ಸಾಕು. ಅದು ಬೇರೆ ಫೋಲ್ಡರ್ ಮಾಡಿ ಜೆಪೆಗ್ ಇಡುತ್ತೆ, ಮೂಲ ಫೋಟೋ ಮುಟ್ಟಲ್ಲ.

ಇಷ್ಟರವರೆಗೆ ಎಲ್ಲ ಕೈಯ ಕೆಲಸ. ಜಗಳ ಶುರುವಾಗೋದು ಇದರ ಮುಂದೆ, ಕಣ್ಣಿನ ಕೆಲಸದಲ್ಲಿ. ಕಲಿತ ಖುಷಿಯಲ್ಲಿ ಆಟೋ ಕಲರ್, ಬ್ರೈಟ್‌ನೆಸ್, ಎಲ್ಲ ಅದೇ ಆಕ್ಷನ್‌ಗೆ ತುರುಕಿಬಿಡುತ್ತಾರೆ. ಯಕ್ಷಗಾನದ ವೇಷದಲ್ಲಿ ಕೆಂಪೇ ಕೆಂಪು, ಮೇಲಿಂದ ಹಳದಿ ಲೈಟು. ಆಟೋ ಕಲರ್‌ಗೆ ಅದು ಬಣ್ಣ ಕೆಟ್ಟ ಫೋಟೋ. ಪಾಪ, ಸರಿ ಮಾಡಲು ಹೋಗಿ ಕೆಂಪನ್ನೇ ಸಪ್ಪೆ ಮಾಡುತ್ತೆ. ಬ್ರೈಟ್‌ನೆಸ್ ಏರಿಸಿದರಂತೂ ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಮುಖದ ಚುಟ್ಟಿ ನೋಡಿ. ಅಕ್ಕಿಹಿಟ್ಟಿನಲ್ಲಿ ಒಂದೊಂದೇ ಮುಳ್ಳಿಟ್ಟು ಗಂಟೆಗಟ್ಟಲೆ ಕೂತು ಮಾಡಿಕೊಂಡ ಮುಖ. ಮುಳ್ಳೆಲ್ಲ ಸೇರಿ ಬಿಳಿ ಮುದ್ದೆ. ಆ ಕಲಾವಿದನಿಗೆ ಈ ಫೋಟೋ ಹೇಗೆ ಕಳಿಸ್ತೀರಿ?

ಮದುವೆ ಫೋಟೋಗಳಿಗೆ ಅಂತ ಮಾರುವ ರೆಡಿಮೇಡ್ ಆಕ್ಷನ್ ಪ್ಯಾಕ್‌ಗಳ ಮೇಲೆ ನನಗೆ ಇನ್ನೂ ಸಿಟ್ಟು. ಕಪ್ಪಗಿರುವ ಮದುಮಗಳನ್ನು ಕೇಳದೆ ಮಾಡದೆ ಬೆಳ್ಳಗೆ ಮಾಡುತ್ತವೆ. ಎಲ್ಲರ ಆಲ್ಬಮ್ಮೂ ಒಂದೇ ಥರ. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಚರ್ಮ ಅಂದ್ರೆ ಏನು ಹೇಳೋದು?

ಹಾಗಂತ ಬಣ್ಣಕ್ಕೆ ಆಕ್ಷನ್ ಬೇಡವೇ ಬೇಡ ಅಂತಲ್ಲ. ಆಕ್ಷನ್ಸ್ ಪ್ಯಾನೆಲ್‌ನಲ್ಲಿ ಕಿಟಕಿ ತೆರೆಯುವಂಥ ಪ್ರತಿ ಹೆಜ್ಜೆಯ ಪಕ್ಕ ಟಿಕ್ ಗುರುತಿನ ಆಚೆ ಇನ್ನೊಂದು ಪುಟ್ಟ ಚೌಕ ಇರುತ್ತೆ. ತುಂಬಾ ಜನ ಅದನ್ನ ಮುಟ್ಟಿಯೇ ಇರಲ್ಲ. ಬೆಳಕು-ನೆರಳು ಸರಿ ಮಾಡುವ ಲೆವೆಲ್ಸ್ ಹೆಜ್ಜೆಯ ಪಕ್ಕ ಅದನ್ನ ಒತ್ತಿದರೆ ಆಕ್ಷನ್ ಅಲ್ಲಿಗೆ ಬಂದು ನಿಲ್ಲುತ್ತೆ. ಲೆವೆಲ್ಸ್ ಕಿಟಕಿ ತೆರೆಯುತ್ತೆ. ನೀವು ನೋಡಿ, ಬೇಕಷ್ಟು ಸರಿಸಿ ಓಕೆ ಕೊಟ್ಟರೆ ಉಳಿದದ್ದನ್ನು ಅದೇ ಮುಗಿಸುತ್ತೆ. ನಾನು ಮುಖ್ಯ ವೇಷಗಳ ಫೋಟೋಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ, ಅವಕ್ಕೆ ಇದನ್ನೇ ಓಡಿಸುತ್ತೇನೆ.

ಫೋಟೋಶಾಪ್ ಬದಲು ಗಿಂಪ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ರೆಕಾರ್ಡ್ ಬಟನ್ ಇಲ್ಲ, ಸ್ಕ್ರಿಪ್ಟ್ ಬರೆಯಬೇಕು. ಬರೀ ಸೈಜ್ ಮತ್ತು ವಾಟರ್‌ಮಾರ್ಕ್ ಸಾಕಿದ್ದರೆ ಎಕ್ಸ್‌ಎನ್‌ಕನ್ವರ್ಟ್ ಅನ್ನೋ ಸಾಫ್ಟ್‌ವೇರ್ ನೋಡಿ.

"ಎಲ್ಲ ಕಂಪ್ಯೂಟರೇ ಮಾಡುತ್ತಲ್ಲ, ರೇಟು ಕಮ್ಮಿ ಮಾಡಿ" ಅನ್ನುವವರೂ ಇದ್ದಾರೆ. ಅವರಿಗೆ ನಾನು ಕಮ್ಮಿ ಮಾಡಲ್ಲ. ಉಳಿದ ಹೊತ್ತು ಆ ಚುಟ್ಟಿಯ ಮುಳ್ಳು ಉಳಿಸೋಕೆ ಹೋಗುತ್ತೆ ಸ್ವಾಮಿ.

ನನ್ನ ಆಕ್ಷನ್‌ಗಳ ಸೆಟ್ ಬೇಕಿದ್ದವರು ಕಾಮೆಂಟ್‌ನಲ್ಲಿ ಕೇಳಿ, ಸುಮ್ನೆ ಕೊಡ್ತೀನಿ. ಲೋಗೋ ಹೆಜ್ಜೆಯನ್ನು ಮಾತ್ರ ನಿಮ್ಮ ಫೈಲ್ ಇಟ್ಟು ಮತ್ತೆ ರೆಕಾರ್ಡ್ ಮಾಡಿಕೊಳ್ಳಿ, ನನ್ನ ಫೋಲ್ಡರ್ ನಿಮ್ಮ ಕಂಪ್ಯೂಟರ್‌ನಲ್ಲಿ ಇರಲ್ಲ ಅಲ್ವಾ. ನಿಮ್ಮದನ್ನು ಸೇವ್ ಮಾಡಿಡುವಾಗ ಆಕ್ಷನ್ ಅಲ್ಲ, ಅದರ ಮೇಲಿನ ಸೆಟ್ ಸೆಲೆಕ್ಟ್ ಮಾಡಿ. ಇಲ್ಲಾಂದ್ರೆ ಸೇವ್ ಆಕ್ಷನ್ಸ್ ಒತ್ತೋಕೇ ಬರಲ್ಲ.