ಮಗ್ಗಿ ಕಲಿತ ಭಾಷೆ

ಬರ್ಲಿನ್ನಿನಲ್ಲಿ ನಮ್ಮ ಮೇಲಂತಸ್ತಿನಲ್ಲಿರುವ ನೆರೆಯವರು ಸಿರಿಯಾದ ಕಾಮಿಶ್ಲಿಯಿಂದ ಬಂದ ಕುರ್ದರು. ತಾಯಿಯೊಡನೆ ಫೋನಿನಲ್ಲಿ ಮಾತಾಡುವುದು ಕುರ್ದಿಶ್ ಭಾಷೆಯ ಒಂದು ಬಗೆಯಾದ ಕುರ್ಮಾಂಜಿಯಲ್ಲಿ. ಬಾಡಿಗೆ, ಕರೆಂಟು ಬಿಲ್ಲುಗಳ ಲೆಕ್ಕಕ್ಕೆ ಕುಳಿತರೆ ಮಾತ್ರ ಬಾಯಿಗೆ ಬರುವುದು ಅರಬಿ ಮಗ್ಗಿ. ಅದು ನನ್ನ ಕಿವಿಗೆ ಬಿದ್ದ ದಿನ, ಅದೇ ಲೆಕ್ಕವನ್ನು ನಾನು ಮನಸ್ಸಿನಲ್ಲೇ ‘ಏಳೆಂಟ್ಲ ಐವತ್ತಾರು’ ಎಂದು ಕನ್ನಡದಲ್ಲಿ ಹಾಕುತ್ತಿದ್ದೆ. ನನ್ನ ಮನೆಮಾತು ತುಳು. ನನ್ನನ್ನು ಕನ್ನಡಿಗನನ್ನಾಗಿ ಮಾಡಿದ್ದು ಬಂಟ್ವಾಳದ ಕಡೆಯ ಒಂದು ಸರ್ಕಾರಿ ಶಾಲೆ. ಅವರನ್ನು ಅರಬಿ ಓದುಬರಹದವರನ್ನಾಗಿ ಮಾಡಿದ್ದೂ ಶಾಲೆಯೇ.

ಇಲ್ಲಿನವರು ಅರಬಿ ಮಾತಾಡುವ ವಲಸಿಗರೆಲ್ಲರನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಮೊರೊಕ್ಕೊದವರ ಆಡುಮಾತು ಇರಾಕಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಇಬ್ಬರನ್ನೂ ಕೂಡಿಸುವ ಫುಸ್‌ಹಾ, ಅಂದರೆ ಗ್ರಾಂಥಿಕ ಅರಬಿ, ಯಾವ ಮಗುವಿಗೂ ತಾಯಿಯ ಮಡಿಲಲ್ಲಿ ಸಿಗುವ ಭಾಷೆಯಲ್ಲ. ಅದನ್ನು ಮಗು ಮುಖ್ಯವಾಗಿ ಶಾಲೆಯಲ್ಲೇ ಕಲಿಯಬೇಕು. ಆದ್ದರಿಂದ ವಲಸಿಗರ ಅರಬಿತನವನ್ನು ಅರಿಯಲು ಅವರ ಮನೆಗಿಂತ ಮೊದಲು ಅವರು ಓದಿದ ಶಾಲೆಯನ್ನು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ಆ ಶಾಲೆಗಳೂ ಒಂದೇ ಬಗೆಯವಲ್ಲ. ಸಿರಿಯಾದ ರಾಜಧಾನಿ ಡಮಾಸ್ಕಸ್ಸಿನಲ್ಲಿ ವೈದ್ಯಶಾಸ್ತ್ರವನ್ನು ನೂರು ವರ್ಷಗಳಿಂದ ಅರಬಿಯಲ್ಲೇ ಕಲಿಸುತ್ತಿದ್ದಾರೆ. ಅಲ್ಲಿ ಓದಿ ಜರ್ಮನಿಯ ಆಸ್ಪತ್ರೆ ಸೇರಿದ ವೈದ್ಯರಿಗೆ ರಕ್ತನಾಳ, ಮೇದೋಜೀರಕ ಗ್ರಂಥಿಗಳ ಹೆಸರು ಮೊದಲು ಹೊಳೆಯುವುದು ಅರಬಿಯಲ್ಲಿ. ಮೊರೊಕ್ಕೊದಲ್ಲಿ ಪ್ರೌಢಶಾಲೆಯವರೆಗೆ ಅರಬಿಯಲ್ಲಿ ವಿಜ್ಞಾನ ಓದಿದವರು ವಿಶ್ವವಿದ್ಯಾಲಯದಲ್ಲಿ ಫ್ರೆಂಚಿಗೆ ಹೊರಳಬೇಕಾಗಿತ್ತು, 2019ರ ಕಾನೂನು ಶಾಲೆಯ ವಿಜ್ಞಾನ ಪಾಠಕ್ಕೂ ಫ್ರೆಂಚ್ ಮರಳಲು ದಾರಿ ಮಾಡಿತು. ಲೆಬನಾನಿನಲ್ಲಿ ಗಣಿತವೇ ಫ್ರೆಂಚ್ ಅಥವಾ ಇಂಗ್ಲಿಷಿನಲ್ಲಿ; 1990ರಲ್ಲಿ ಮುಗಿದ ಅಂತರ್ಯುದ್ಧದ ಬಗ್ಗೆ ಎಲ್ಲರೂ ಒಪ್ಪಿದ ಇತಿಹಾಸದ ಪಠ್ಯಪುಸ್ತಕವನ್ನು ತರಲು ಆ ದೇಶಕ್ಕೆ ಸಾಧ್ಯವಾಗಿಲ್ಲ.

ಇದನ್ನು ನೋಡುವಾಗ ನನಗೆ ನಮ್ಮವರ ನೆನಪಾಗುತ್ತದೆ. ಇಲ್ಲಿರುವ ಕನ್ನಡಿಗ ಗೆಳೆಯರಲ್ಲಿ ಹೆಚ್ಚಿನವರು ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಊಟ, ಹಾಡು, ಹಬ್ಬಗಳಲ್ಲಿ ಅವರ ಕನ್ನಡ ಸೊಗಸಾಗಿ ಹರಿಯುತ್ತದೆ, ಆದರೆ ಮಾತು ಸಾಲದ ಬಡ್ಡಿಗೋ ಕಾಯಿಲೆಗೋ ತಿರುಗಿದ ಕೂಡಲೇ ಇಂಗ್ಲಿಷಿಗೆ ಜಾರುತ್ತಾರೆ. ಅವರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರು ಓದಿದ ಶಾಲೆ ಕನ್ನಡಕ್ಕೆ ಆ ಕೆಲಸವನ್ನು ಕೊಡಲೇ ಇಲ್ಲ. ಮಾಧ್ಯಮದ ಆಯ್ಕೆ ಪೋಷಕರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಆ ಹಕ್ಕನ್ನು ನಾನು ಗೌರವಿಸುತ್ತೇನೆ. ಆದರೂ ಈ ನಷ್ಟ ನನ್ನನ್ನು ನೋಯಿಸುತ್ತದೆ.

ಸಿರಿಯಾದ ಮಾದರಿಯನ್ನು ಹಾಗೇ ಹೊಗಳಲು ಮಾತ್ರ ನನ್ನ ನೆರೆಯವರು ಬಿಡುವುದಿಲ್ಲ. ಅವರು ಓದಿದ ಕಾಲದಲ್ಲಿ ಪ್ರೌಢಶಾಲೆಯ ಸಮವಸ್ತ್ರ ಸೈನಿಕರದಂಥ ಖಾಕಿ. 2003ರವರೆಗೂ ಅದೇ ಇತ್ತು. ‘ಒಂದೇ ಅರಬ್ ರಾಷ್ಟ್ರ’ ಎಂಬ, ಆಗ ಆಳುತ್ತಿದ್ದ ಬಾತ್ ಪಕ್ಷದ ಘೋಷಣೆಯನ್ನು ಕುರ್ದಿಶ್ ಮಕ್ಕಳೂ ಕೂಗಬೇಕಿತ್ತು, ಅವರ ಭಾಷೆಗೆ ತರಗತಿಯೊಳಗೆ ಪ್ರವೇಶವಿರಲಿಲ್ಲ. 1962ರ ಜನಗಣತಿಯಲ್ಲಿ ಅವರ ಸೀಮೆಯ ಸುಮಾರು 1,20,000 ಕುರ್ದರ ಪೌರತ್ವವನ್ನೇ ಕಸಿಯಲಾಗಿತ್ತು. ತುಳುವಿಗೆ ಅಂಥ ದಮನ ಎದುರಾಗಲಿಲ್ಲ. ಆದರೂ ನನ್ನ ಶಾಲೆಯಲ್ಲಿ ಅದಕ್ಕೊಂದು ಪುಟವೂ ಇರಲಿಲ್ಲ, ತುಳು ಐಚ್ಛಿಕ ಭಾಷೆಯಾಗಿ ಬರುವಾಗ ನಾನು ಊರು ಬಿಟ್ಟಾಗಿತ್ತು.

ಕಳೆದ ಚಳಿಗಾಲದಲ್ಲಿ ನೆರೆಯವರ ಮಗಳು ಲ್ಯಾಟಿನ್ ಅಕ್ಷರಗಳಲ್ಲಿ ಕುರ್ಮಾಂಜಿ ಬರೆಯಲು ಕಲಿತಳು. ಈಗ ಸಂಜೆ ಅವಳ ನೋಟುಪುಸ್ತಕವನ್ನು ತೆರೆದಿಟ್ಟುಕೊಂಡು, ತಮ್ಮ ತಾಯಿಯ ಹೆಸರನ್ನು ತಾಯಿಯ ಭಾಷೆಯಲ್ಲಿ ಬರೆಯುವುದನ್ನು ಅಪ್ಪ ಅಭ್ಯಾಸ ಮಾಡುತ್ತಾರೆ. ಪುಟದ ಸಂಖ್ಯೆಯನ್ನು ಮಾತ್ರ ಇನ್ನೂ ಅರಬಿಯಲ್ಲೇ ಎಣಿಸುತ್ತಾರೆ.