ಬೂತಾಯಿ ಖಾಲಿಯಾಗಿದ್ದು ಬರೀ ಬೋಟಿನಿಂದಲ್ಲ

"ಪರ್ಸೀನ್ ಬೋಟಿನವರೇ ಬೂತಾಯಿ ಸಂತತಿ ಮುಗಿಸಿದರು, ಇನ್ನು ಈ ಮೀನು ಬರಲ್ಲ" ಅನ್ನೋ ಮೆಸೇಜು ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ. (ಪರ್ಸೀನ್ ಅಂದರೆ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ.)

ಬೂತಾಯಿ (ಆಯಿಲ್ ಸಾರ್ಡೀನ್) ಏರಿಳಿತದ ಮೀನು. 1940ರ ದಶಕದಲ್ಲೂ ನಮ್ಮ ಕರಾವಳಿಯಲ್ಲಿ ಇದು ಕಾಣೆಯಾಗಿತ್ತು. 1943ರಲ್ಲಿ ಮದ್ರಾಸ್ ಸರ್ಕಾರ ಮರಿ ಹಿಡಿಯೋದಕ್ಕೆ ನಿರ್ಬಂಧ ಹಾಕಬೇಕಾಯಿತು. ಆಗ ಪರ್ಸೀನ್ ಎಲ್ಲಿತ್ತು? ಅದು ಇಲ್ಲಿಗೆ ಬಂದಿದ್ದೇ 1970ರ ದಶಕದಲ್ಲಿ. ಮುಂದೆ ಮೀನು ವಾಪಸ್ ಬಂತು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು, 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಆಮೇಲೆ ಮತ್ತೆ ಏರಿದೆ.

ಹೀಗ್ಯಾಕೆ? ಕೊಯ್ಯುವಾಗ ಕಿವಿರು ಎತ್ತಿ ನೋಡಿ. ಒಳಗೆ ಬಾಚಣಿಗೆಯಂತೆ ಒತ್ತೊತ್ತಾದ ಸಣ್ಣ ಎಳೆಗಳಿರುತ್ತವೆ. ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ, ಜೀವಿಗಳನ್ನು ಇದು ಅದರಲ್ಲೇ ಸೋಸಿ ತಿನ್ನುತ್ತದೆ. ಮಳೆಗಾಲದಲ್ಲಿ ಆಳದ ತಣ್ಣನೆ ನೀರು ಗೊಬ್ಬರದ ಅಂಶ ಹೊತ್ತು ಮೇಲೆ ಬಂದರೆ ಪಾಚಿ ಹುಲುಸಾಗುತ್ತದೆ. ಮೊಟ್ಟೆ ಇಡುವ ಕಾಲವೂ ಅದೇ. ಮಳೆ, ನೀರಿನ ಬಿಸಿ ಏರುಪೇರಾದ ವರ್ಷ ಮರಿಗಳಿಗೆ ಮೇವಿಲ್ಲ. ಆಯುಸ್ಸು ಎರಡೂವರೆ ವರ್ಷದಷ್ಟೇ ಇರೋದರಿಂದ ಒಂದೆರಡು ವರ್ಷ ಕೆಟ್ಟರೂ ಹೊಡೆತ ದೊಡ್ಡದು.

ಹಾಗಂತ ಬೋಟಿನವರ ತಪ್ಪೇ ಇಲ್ಲ ಅಂತಲ್ಲ. ಮೀನು ಕಡಿಮೆಯಾದ ಹೊತ್ತಲ್ಲೇ ಮರಿಗಳನ್ನು ಬಾಚಿ, ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ ಕಳಿಸಿದರೆ ಚೇತರಿಕೆ ತೀರಾ ಕಷ್ಟ. ಬೂತಾಯಿ ಮೊಟ್ಟೆಗೆ ಬರೋದು 15 ಸೆಂ.ಮೀ. ಆಸುಪಾಸಿನಲ್ಲಿ. ಕೇರಳ 10 ಸೆಂ.ಮೀ.ಗಿಂತ ಸಣ್ಣದನ್ನು ಹಿಡಿಯೋದೇ ನಿಷೇಧಿಸಿದೆ.